ಕೊನೆಯವನ ಹಿಂದಿನ ಆಂಬುಲೆನ್ಸು

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಹುಂಜ. ಹುಂಜದ ತಪ್ಪೇನೂ ಇರಲಿಲ್ಲ, ಪಾಪ. ಅದನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿ ಜಿಲ್ಲಾಸ್ಪತ್ರೆಗೆ ಹೋದವನು ಎವರಿಸ್ತು.

ಎವರಿಸ್ತು ಸಾಲ್ಗೇರಾ ಊರಿನ ಪರದೆ ಅಂಗಡಿಯವನು. ಪೋರ್ಚುಗಲ್ಲಿನಲ್ಲಿ ನದಿ ಸಮುದ್ರ ಸೇರುವ ಕಡೆ, ಉಪ್ಪಿನ ಮಡಿಗಳ ಅಂಚಿಗೆ ಕೂತ ಸಣ್ಣ ಊರು ಅದು. ಬಿಸಿಲಿಗಿಂತ ಮಂಜಿಗೇ ಅಲ್ಲಿ ಸಲುಗೆ ಜಾಸ್ತಿ. ಹಿಂದಿನ ವಸಂತದಲ್ಲಿ ಒಂದು ಮಧ್ಯಾಹ್ನ ಏಣಿಯ ಮೇಲೆ ನಿಂತು ಯಾರದೋ ಕಿಟಕಿಗೆ ಪರದೆ ತೂಗುಹಾಕುತ್ತಿದ್ದಾಗ ಅವನ ಎದೆಯೊಳಗೆ ಯಾರೋ ಮುಷ್ಟಿ ಬಿಗಿಹಿಡಿದಂತಾಯಿತು. ಪರದೆಯ ಸಮೇತ ಕೆಳಗೆ ಬಂದ. ಕಣ್ಣು ಬಿಟ್ಟಾಗ ಆಸ್ಪತ್ರೆಯ ಮಂಚ. ಎದೆ ಬಿಚ್ಚಿ, ಒಳಗಿನದನ್ನೆಲ್ಲ ರಿಪೇರಿ ಮಾಡಿ, ಮತ್ತೆ ಹೊಲಿದಾಗಿತ್ತು. ಹೊಲಿಗೆಯನ್ನು ವೃತ್ತಿಯ ಕಣ್ಣಿನಿಂದ ನೋಡಿ, ಇಷ್ಟು ನೇರವಾಗಿ ತನ್ನ ಅಂಗಡಿಯ ಮಿಷನ್ನೂ ಹೊಲಿಯುವುದಿಲ್ಲ ಎಂದುಕೊಂಡ. ಮನೆಗೆ ಹೊರಟ ದಿನ ಕೋಟಿನ ಜೇಬಿನಲ್ಲಿದ್ದ ಪರ್ಸಿನ ಮೇಲೆ ಕೈಯಿಟ್ಟುಕೊಂಡೇ ಬಾಗಿಲವರೆಗೆ ನಡೆದ. ಯಾರೂ ಏನೂ ಕೇಳಲಿಲ್ಲ. ಬಾಗಿಲಲ್ಲಿದ್ದ ಕಾವಲಿನವನೊಬ್ಬ ಮಾತ್ರ, ಮಳೆ ಬರೋ ಹಾಗಿದೆ, ಕೊಡೆ ತಂದಿದ್ದೀರಾ ಎಂದು ವಿಚಾರಿಸಿದ.

ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೇಳುವುದಿಲ್ಲ ಎಂದು ಎವರಿಸ್ತುವಿಗೆ ಗೊತ್ತಿರಲಿಲ್ಲವೆಂದಲ್ಲ. ದೇಶಕ್ಕೆಲ್ಲ ಗೊತ್ತಿದ್ದ ಸಂಗತಿಯೇ ಅದು. ಆದರೆ ಗೊತ್ತಿರುವುದು ಬೇರೆ, ಹೊಲಿದ ಎದೆ ಹೊತ್ತುಕೊಂಡು ಏನೂ ಕೊಡದೆ ಮನೆಗೆ ಬರುವುದು ಬೇರೆ. ರಾತ್ರಿ ನಿದ್ದೆ ಹತ್ತಲೊಲ್ಲದು. ಕೊನೆಗೆ ಹೆಂಡತಿ ಎರ್ಮೀನಿಯಾಳ ತವರಿನಿಂದ ಒಂದು ಕೆಂಪು ಹುಂಜ ತರಿಸಿದ.

ಹುಂಜ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಎರಡು ಸಲ ಕೂಗಿತು. ಬೆಳಗಾಯಿತೆಂದುಕೊಂಡ ಒಬ್ಬ ಮುದುಕ ಎದ್ದು ಕೂತು ಕಾಫಿ ಕೇಳಿದ. ಆಪರೇಷನ್ ಮಾಡಿದ್ದ ಡಾಕ್ಟರ್ ಬೆನೆದಿತಾ ಹೊರಗೆ ಬಂದು ಬುಟ್ಟಿಯನ್ನೂ ಅವನನ್ನೂ ನೋಡಿದರು.

"ನಾನೇನಾದ್ರೂ ಕೇಳಿದ್ನಾ ನಿಮ್ಮನ್ನ?" ಅಂದರು.

"ಕೇಳ್ಲಿಲ್ಲ ಡಾಕ್ಟರೇ. ಅದಕ್ಕೇ ತಂದೆ."

ಹುಂಜ ತೆಗೆದುಕೊಳ್ಳಲು ನಿಯಮ ಬಿಡುವುದಿಲ್ಲ ಎಂದರು ಆಕೆ. ಅವನ ಮುಖ ಬಾಡಿದ್ದು ನೋಡಿ, "ಥ್ಯಾಂಕ್ಸ್ ಹೇಳ್ಲೇಬೇಕು ಅಂತಿದ್ರೆ ಆ ಎದೇನ ಸುಮ್ನೆ ಕೂರಿಸ್ಬೇಡಿ. ನಡೀರಿ, ಓಡಿ. ನಿಮ್ಮೂರಲ್ಲಿ ಹಬ್ಬಕ್ಕೆ ಒಂದು ಓಟ ಇಡ್ತಾರಲ್ಲ, ಅದನ್ನ ಓಡಿ. ನನಗೆ ಅದೇ ಹುಂಜ," ಎಂದು ಹೇಳಿ ಒಳಗೆ ಹೋದರು.

ಡಾಕ್ಟರು ಇಂಥ ಮಾತನ್ನು ದಿನಕ್ಕೆ ಹತ್ತು ಮಂದಿಗೆ ಹೇಳುತ್ತಿದ್ದರೇನೋ. ಆದರೆ ಮಡಿಲಲ್ಲಿ ಹುಂಜ ಕೂರಿಸಿಕೊಂಡು ವಾಪಸು ಬಸ್ಸಿನಲ್ಲಿ ಬರುವವನಿಗೆ ಅದು ಹರಕೆಯಾಗಿ ಕೇಳಿಸಿತು. ಹರಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಬಸ್ಸಿಳಿದವನು ಕಾಫಿ ಕುಡಿಯಲೆಂದು ಒನೊರಾತುವಿನ ಅಂಗಡಿಗೆ ಹೋದ. ಒನೊರಾತು ಕಾಫಿ ಅಂಗಡಿಯ ಯಜಮಾನ ಮಾತ್ರವಲ್ಲ, ಓಟದ ಸಮಿತಿಯ ಅಧ್ಯಕ್ಷ; ಮಿಕ್ಕ ಹೊತ್ತಿನಲ್ಲಿ ಊರಿನ ರೇಡಿಯೋ. ಸಂಜೆ ಕಳೆಯುವ ಮೊದಲು ಎವರಿಸ್ತು ಓಡುತ್ತಾನಂತೆ ಎಂಬ ಸುದ್ದಿ ಬೀದಿಯ ಕಿಟಕಿಗಳನ್ನೆಲ್ಲ ತೆರೆಸಿ ಮುಗಿಸಿತ್ತು.

ನಿಜ ಹೇಳಬೇಕೆಂದರೆ ಎವರಿಸ್ತುವಿಗೂ ಓಡಬೇಕಾಗಿತ್ತು, ಅದಕ್ಕೊಂದು ಬೇರೆ ಕಾರಣವೂ ಇತ್ತು. ಆಸ್ಪತ್ರೆಯಿಂದ ಬಂದಾಗಿನಿಂದ ಅವನು ಎವರಿಸ್ತುವಾಗಿ ಉಳಿದಿರಲಿಲ್ಲ, ಬೀದಿಯ ಸಾರ್ವಜನಿಕ ರೋಗಿಯಾಗಿದ್ದ. ಎದುರುಮನೆಯ ದೋನಾ ಫೆಲಿಸ್ಮೀನಾ, ಎಪ್ಪತ್ತು ದಾಟಿದ ವಿಧವೆ, ಅವನು ಬಟ್ಟೆಯ ಸುರುಳಿ ಎತ್ತಿದ್ದು ಕಂಡರೆ ಮಹಡಿಯಿಂದಲೇ, ಇಳಿಸಿ ಕೆಳಗೆ, ಎಂದು ಅಪ್ಪಣೆ ಮಾಡುತ್ತಿದ್ದಳು. ಊರಿನ ಬ್ಯಾಂಡಿನಲ್ಲಿ ಅವನು ಇಪ್ಪತ್ತು ವರ್ಷ ದೊಡ್ಡ ಕೊಂಬು ಊದಿದವನು; ಬ್ಯಾಂಡಿನ ಮುಖ್ಯಸ್ಥ ಅದನ್ನು ಕಸಿದುಕೊಂಡು, ಮೂರು ಮೂಲೆಯಾಗಿ ಬಗ್ಗಿಸಿದ ಒಂದು ಕಬ್ಬಿಣದ ಕಡ್ಡಿಯನ್ನು ಕೈಗೆ ಕೊಟ್ಟು, ನಾನು ಕಣ್ಣು ಮಿಟುಕಿಸಿದಾಗ ಟಿಣ್ ಅನ್ನಿಸು, ಅಷ್ಟು ಸಾಕು ಅಂದಿದ್ದ. ಒಂದು ಓಟ ಓಡಿ ಮುಗಿಸಿಬಿಟ್ಟರೆ ಡಾಕ್ಟರಿಗೆ ಥ್ಯಾಂಕ್ಸೂ ಆದೀತು, ಊರವರ ಬಾಯಿಯೂ ಮುಚ್ಚೀತು ಎಂದು ಎವರಿಸ್ತು ಲೆಕ್ಕ ಹಾಕಿದ. ಬೇಸಿಗೆ ಪೂರ್ತಿ ಉಪ್ಪಿನ ಮಡಿಗಳ ಏರಿಯ ಮೇಲೆ ನಡೆದ, ಆಮೇಲೆ ಓಡಿದ. ನೀರಿನಲ್ಲಿ ಒಂಟಿಕಾಲಲ್ಲಿ ನಿಂತ ರಾಜಹಂಸಗಳು, ಎರಡೂ ಕಾಲಿದ್ದು ಇವನು ಇಷ್ಟು ಕಷ್ಟಪಡುವುದು ಯಾಕೆ ಎಂಬಂತೆ ತಿರುಗಿ ನೋಡುತ್ತಿದ್ದವು.

ಸಂತ ಮಾರ್ಟಿನ್ ಹಬ್ಬದ ಭಾನುವಾರ ಬಂತು. ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ಊರೇ ಇಲ್ಲ. ಎವರಿಸ್ತುವಿಗೆ ಮಂಜಿನ ಜಾತಿಗಳೆಲ್ಲ ಗೊತ್ತು. ಬಲೆಯಂಥ ತೆಳು ಮಂಜು, ಮಲ್ಮಲ್ಲಿನಂಥ ಮಂಜು, ಎರಡು ಪದರ ಹಾಕಿ ಹೊಲಿದ ಮಂಜು. ಇವತ್ತಿನದು ನಾಟಕದ ಪರದೆಯಷ್ಟು ದಪ್ಪಗಿತ್ತು, ಇಳಿಬಿಟ್ಟವರು ಯಾರೋ ಮೇಲೆತ್ತುವುದನ್ನು ಮರೆತಿದ್ದರು.

ಎರ್ಮೀನಿಯಾ ಒಳಗೆ ಉಣ್ಣೆಯ ಬನಿಯನ್ನು ತೊಡಿಸಿದಳು. ಅದರ ಮೇಲೆ ತಾನೇ ಹೊಲಿದ ಅಂಗಿ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಹಳದಿ ಪರದೆಯ ಬಟ್ಟೆ. ಬೆನ್ನಿನ ಮೇಲೆ ನೀಲಿ ದಾರದಲ್ಲಿ 'ನಮ್ಮ ಆಸ್ಪತ್ರೆಗೆ ವಂದನೆ' ಎಂದು ಕಸೂತಿ. ಓಡುವಾಗ ಗಾಳಿಗೆ ನೆರಿಗೆ ಬೀಳಬೇಕೆಂದು ಕೆಳಗೆ ಸ್ವಲ್ಪ ಅಗಲ ಬಿಟ್ಟಿದ್ದಳು. ಕನ್ನಡಿಯಲ್ಲಿ ನೋಡಿಕೊಂಡರೆ ಒಳ್ಳೆಯ ಮನೆಯ ಕಿಟಕಿಯಂತೆ ಕಂಡ. ಚೆನ್ನಾಗಿದೆ ಅಂದ, ಮದುವೆಯಾಗಿ ಮೂವತ್ತು ವರ್ಷವಾಗಿತ್ತು.

ಚೌಕದಲ್ಲಿ ಆಗಲೇ ಚೆಸ್ಟ್‌ನಟ್ ಕಾಯಿಗಳನ್ನು ಸುಡುತ್ತಿದ್ದರು. ಹೊಗೆ ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಗುತ್ತದೆಂದು ತಿಳಿಯುವಂತಿರಲಿಲ್ಲ. ಒನೊರಾತುವಿನ ಭಾಷಣ ಕೇಳಿಸಿತು, ಒನೊರಾತು ಕಾಣಲಿಲ್ಲ. ಹತ್ತು ಕಿಲೋಮೀಟರು, ತಿರುವುಗಳಲ್ಲಿ ಸ್ವಯಂಸೇವಕರು ಕೈ ತೋರಿಸುತ್ತಾರೆ, ಕೊನೆಯವನ ಹಿಂದೆ ಆಂಬುಲೆನ್ಸು ಬರುತ್ತದೆ, ಯಾರೂ ಹೆದರಬೇಕಾಗಿಲ್ಲ ಎಂದು ಹೇಳಿ ಪೀಪಿ ಊದಿದ. ಇನ್ನೂರು ಮಂದಿ ಹಾಲಿಗೆ ಬಿದ್ದ ಸಕ್ಕರೆಯ ಹಾಗೆ ಮಾಯವಾದರು. ಕಾಲಿನ ಸದ್ದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಅದೂ ಕರಗಿತು. ಉಳಿದವನು ಎವರಿಸ್ತು. ಅವನ ಹಿಂದೆ, ಕುದುರೆ ಉಸಿರಾಡಿದಂತೆ ಮೆಲ್ಲಗೆ ಗುರುಗುಡುತ್ತ, ಅಗ್ನಿಶಾಮಕ ದಳದ ಆಂಬುಲೆನ್ಸು.

ಅದರ ಡ್ರೈವರು ಅನ್ಸೆಲ್ಮು ಎಂಬ ದಪ್ಪ ಮೀಸೆಯ ಮನುಷ್ಯ, ಬೆಟ್ಟದ ಸೀಮೆಯವನು. ಪಕ್ಕದ ಸೀಟಿನಲ್ಲಿದ್ದ ಜೊತೆಗಾರ ರಾತ್ರಿ ಪಾಳಿ ಮುಗಿಸಿ ಬಂದು ಬಾಯಿ ತೆರೆದು ನಿದ್ದೆ ಹೋಗಿದ್ದ. ಅನ್ಸೆಲ್ಮು ಕಿಟಕಿಯಿಂದ ತಲೆ ಹೊರಹಾಕಿ ಮಾತಿಗಿಳಿದ. ತಾನು ಈ ಕಡೆಗೆ ಬಂದು ಒಂದು ವಾರವೂ ಆಗಿಲ್ಲ, ಕೊನೆಯವನನ್ನು ಬಿಟ್ಟು ಆಚೀಚೆ ಹೋಗಕೂಡದೆಂದು ಮೇಲಿನವರ ಹುಕುಂ ಆಗಿದೆ ಎಂದ.

"ನೀವೇ ಅಲ್ವಾ ಕೊನೆಯವರು?"

"ಸದ್ಯಕ್ಕೆ," ಅಂದ ಎವರಿಸ್ತು.

"ಆತುರ ಬೇಡಿ. ನಂಗೂ ಮನೇಲೇನೂ ಕೆಲಸ ಇಲ್ಲ."

ಹೀಗೆ ಅವರಿಬ್ಬರೂ ಹೊರಟರು. ಊರು ದಾಟಿ ನದಿಯ ಏರಿ ಹತ್ತಿದ ಮೇಲೆ ಎವರಿಸ್ತುವಿಗೆ ಹಾಯೆನಿಸಿತು. ನೆಲ ಕಾಣುತ್ತಿರಲಿಲ್ಲ, ಮೊಣಕಾಲಿನ ಕೆಳಗೆ ತನ್ನ ಕಾಲುಗಳೂ ಕಾಣುತ್ತಿರಲಿಲ್ಲ. ಕಾಣದ ಕಾಲುಗಳಿಗೆ ದಣಿವೂ ಇರಲಿಲ್ಲ. ಎಲ್ಲೋ ಒಂದು ದೋಣಿಯ ಹುಟ್ಟು ನೀರು ಮುಟ್ಟಿದ ಸದ್ದು. ಎದೆಯೊಳಗೆ ಡಾಕ್ಟರ್ ಬೆನೆದಿತಾ ಕೂರಿಸಿಕೊಟ್ಟದ್ದು ತನ್ನ ಪಾಡಿಗೆ ತಾನು ಲಯ ತಪ್ಪದೆ ಬಡಿಯುತ್ತಿತ್ತು. ಟಿಣ್ ಅಲ್ಲ, ದೊಡ್ಡ ಕೊಂಬಿನ ಹಾಗೆ ಭುಂ ಭುಂ ಎಂದು.

ಈ ಸುಖಕ್ಕೆ ಎರಡನೆಯ ತಿರುವಿನಲ್ಲಿ ಕಲ್ಲು ಬಿತ್ತು. ಅಲ್ಲಿ ಮಂಜಿನ ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ದೋನಾ ಫೆಲಿಸ್ಮೀನಾ, ಅವಳ ಮಡಿಲಲ್ಲಿ ಸೊಪ್ಪಿನ ಸಾರಿನ ಪಾತ್ರೆ. ಅವಳಿಗೆ ಮೊದಲು ಕಂಡದ್ದು ಆಂಬುಲೆನ್ಸಿನ ದೀಪ, ಆಮೇಲೆ ಎವರಿಸ್ತು. ಆ ಕ್ರಮದಲ್ಲಿ ಕಂಡದ್ದರಿಂದ ಅವಳ ಮುಖ ಬಿಳಿಚಿಕೊಂಡಿತು. ಏನೂ ಆಗಿಲ್ಲ, ಇದು ಎಲ್ಲರಿಗೂ ಇರುವ ಏರ್ಪಾಡು ಎಂದು ಎವರಿಸ್ತು ಎಷ್ಟು ಹೇಳಿದರೂ ಕೇಳದೆ, ಕೂರಿಸಿ, ಒಂದು ಬಟ್ಟಲು ಸಾರು ಕುಡಿಸಿದಳು. ಅನ್ಸೆಲ್ಮುವಿಗೂ ಒಂದು ಬಟ್ಟಲು. ಬೇಡ ಬೇಡವೆನ್ನುತ್ತ ಅವನು ಎರಡು ಕುಡಿದ. ಎವರಿಸ್ತು ಎದ್ದು ಹೊರಟಾಗ ತನ್ನ ಕುಚ್ಚಿನ ಶಾಲು ತೆಗೆದು ಅವನ ಕುತ್ತಿಗೆಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು.

"ಆಸ್ಪತ್ರೆಯವರು ಅಷ್ಟು ಕಷ್ಟಪಟ್ಟು ಉಳಿಸಿಕೊಟ್ಟಿರೋ ಜೀವ ಅದು," ಅಂದಳು. "ನಿಮ್ಮದು ಅಂತ ತಿಳ್ಕೊಂಡು ಹೆಂಗೆಂಗೋ ಓಡ್ಬೇಡಿ."

ಸಾರು ಕುಡಿದು ಏಳುವಷ್ಟರಲ್ಲಿ ಮುಂದಿನ ತಿರುವುಗಳಲ್ಲಿ ನಿಂತಿದ್ದ ಸ್ವಯಂಸೇವಕರ ತಾಳ್ಮೆ ಮುಗಿದಿತ್ತು. ಎಲ್ಲರೂ ದಾಟಿ ಹೋದರೆಂದು ತಿಳಿದು ಬಾವುಟ ಸುತ್ತಿಟ್ಟುಕೊಂಡು, ಹೊಸ ದ್ರಾಕ್ಷಾರಸ ಖಾಲಿಯಾಗುವ ಮೊದಲು ಚೌಕ ಸೇರಬೇಕೆಂದು ಹೊರಟುಹೋಗಿದ್ದರು. ಹಾಗಾಗಿ ಉಪ್ಪಿನ ಮಡಿಗಳ ಹತ್ತಿರ ದಾರಿ ಎರಡಾಗುವ ಕಡೆ ಎವರಿಸ್ತುವಿಗೆ ಯಾರೂ ಕಾಣಲಿಲ್ಲ. ಹುಟ್ಟಿ ಬೆಳೆದ ಊರು, ಕಣ್ಣು ಕಟ್ಟಿ ಬಿಟ್ಟರೂ ಹೋಗುತ್ತೇನೆ ಎಂದುಕೊಂಡು ಒಂದು ದಾರಿ ಹಿಡಿದ. ಒಮ್ಮೆ ಸಣ್ಣಗೆ ಅನುಮಾನ ಬಂತು. ತಿರುಗಿ ನೋಡಿದರೆ ಆಂಬುಲೆನ್ಸಿನ ದೀಪ ಬರುತ್ತಲೇ ಇತ್ತು. ಸರ್ಕಾರದ ಗಾಡಿಯೇ ಹಿಂದೆ ಬರುತ್ತಿರುವಾಗ ದಾರಿ ತಪ್ಪಿರಲು ಸಾಧ್ಯವಿಲ್ಲ ಎಂದು ಸಮಾಧಾನವಾಯಿತು.

ಹಾಗೆ ಬಹಳ ದೂರ ಓಡಿದ. ನದಿಯ ವಾಸನೆ ಹೋಗಿ ನೀಲಗಿರಿ ಮರದ ವಾಸನೆ ಬಂತು. ಓಟದ ದಾರಿಯಲ್ಲಿ ನೀಲಗಿರಿ ತೋಪು ಇರಲಿಲ್ಲ. ಎವರಿಸ್ತು ನಿಂತ. ಆಂಬುಲೆನ್ಸೂ ನಿಂತಿತು.

"ಅನ್ಸೆಲ್ಮು, ಎಲ್ಲಿದ್ದೀವಿ ನಾವು?"

"ಅದನ್ನ ನೀವು ಹೇಳ್ಬೇಕು ಯಜಮಾನ್ರೇ. ನಾನು ನಿಮ್ಮ ಹಿಂದೆ ಬರ್ತಿದೀನಿ."

"ನೀವು ಬರ್ತಿದ್ದೀರಲ್ಲ, ದಾರಿ ಸರಿಯಾಗೇ ಇರತ್ತೆ ಅಂದ್ಕೊಂಡೆ."

"ನೀವು ಈ ಊರಿನೋರು, ಗೊತ್ತಿರತ್ತೆ ಅಂದ್ಕೊಂಡೆ ನಾನು."

ಇಬ್ಬರೂ ಸ್ವಲ್ಪ ಹೊತ್ತು ಮಂಜನ್ನು ನೋಡಿದರು. ಮಂಜಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಜೊತೆಗಾರ ಗೊರಕೆ ಹೊಡೆದ. ಕೊನೆಗೆ ಅನ್ಸೆಲ್ಮು ಗಾಡಿಯಿಂದ ಇಳಿದು, ಟಾರ್ಚು ಹಾಕಿ, ರಸ್ತೆ ಬದಿಯ ಕಲ್ಲೊಂದನ್ನು ಮುಟ್ಟಿ ನೋಡಿ, ಇಲ್ಲಿಂದ ಮುಂದಕ್ಕೆ ತನಗೆ ಚೆನ್ನಾಗಿ ಗೊತ್ತು, ತಾನು ಮುಂದೆ ಹೋಗುತ್ತೇನೆ, ಹಿಂದಿನ ಕೆಂಪು ದೀಪ ನೋಡಿಕೊಂಡು ಬಂದರೆ ಸಾಕು ಎಂದ. ಗಾಡಿ ಹತ್ತಿಸಿಕೊಳ್ಳಲೇ ಎಂದೂ ಕೇಳಿದ. ಹತ್ತಿದರೆ ಓಡಿದಂತೆ ಆಗುವುದಿಲ್ಲ ಎಂದು ಎವರಿಸ್ತು ಒಪ್ಪಲಿಲ್ಲ.

ಆಮೇಲಿನ ಓಟ ಓಟದಂತಿರಲಿಲ್ಲ. ಮುಂದೆ ಎರಡು ಕೆಂಪು ಚುಕ್ಕಿ, ಸುತ್ತ ಬಿಳುಪು. ಮರಗಳು ಬಂದು ಮುಖ ತೋರಿಸಿ ಹೋಗುತ್ತಿದ್ದವು. ದೊಡ್ಡ ಮನೆಯೊಂದರಲ್ಲಿ ಒಂದರ ಹಿಂದೊಂದು ಪರದೆ ಸರಿಸುತ್ತ ಒಳಗೊಳಗೆ ಹೋಗುತ್ತಿದ್ದೇನೆ, ಕೊನೆಯ ಪರದೆಯ ಹಿಂದೆ ಯಾರೋ ಇದ್ದಾರೆ ಎಂದು ಅವನಿಗೆ ಅನಿಸತೊಡಗಿತು. ಯಾರೆಂದು ಯೋಚಿಸುತ್ತ ಓಡಿದ. ಅಕ್ಕನ ನೆನಪಾಯಿತು.

ಆ ಅಕ್ಕನನ್ನು ಅವನು ನೋಡಿದವನಲ್ಲ. ಅವನು ಹುಟ್ಟುವ ಮೊದಲೇ ಹೋದವಳು. ಅಮ್ಮ ಅವಳನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಬಹುಶಃ ಇಂಥದೇ ಒಂದು ಬೆಳಿಗ್ಗೆ, ಪಕ್ಕದೂರಿನ ಡಾಕ್ಟರ ಮನೆಗೆ ನಡೆದುಹೋಗಿದ್ದಳಂತೆ. ಬಾಗಿಲು ತೆರೆದ ಕೆಲಸದವಳು ಮಗುವಿಗೆ ಏನಾಗಿದೆ ಎಂದು ಕೇಳಲಿಲ್ಲ, ಏನು ತಂದಿದ್ದೀಯ ಎಂದು ಕೇಳಿದಳು. ಅಮ್ಮ ಮೊಟ್ಟೆ ತರಲೆಂದು ಮನೆಗೆ ವಾಪಸು ಬಂದಳು. ಮತ್ತೆ ಹೋಗುವ ಅಗತ್ಯ ಬೀಳಲಿಲ್ಲ. ಕಡೆಯ ದಿನದವರೆಗೂ ಅಮ್ಮ ಯಾರ ಮನೆಗೂ ಬರಿಗೈಯಲ್ಲಿ ಹೋದವಳಲ್ಲ. ಅಂಚೆ ಕಚೇರಿಗೆ ಹೋದರೂ ಬುಟ್ಟಿಯಲ್ಲಿ ಎರಡು ಮೊಟ್ಟೆ ಇರುತ್ತಿದ್ದವು. ಕಾಲ ಬದಲಾಗಿದೆಯಮ್ಮಾ, ನನ್ನನ್ನು ಯಾರೂ ಕೇಳಲಿಲ್ಲ, ಎದೆ ತೆರೆದು ನೋಡಿಯೂ ಕೇಳಲಿಲ್ಲ ಎಂದು ಎವರಿಸ್ತು ಮಂಜಿಗೆ ಹೇಳಿದ. ಗಟ್ಟಿಯಾಗಿಯೇ ಹೇಳಿದನೇನೋ. ಕಣ್ಣಲ್ಲಿ ನೀರು ಬಂತು, ಕೆಂಪು ಚುಕ್ಕಿಗಳು ನಾಲ್ಕಾದವು. ಆದರೂ ಕಾಲು ನಿಲ್ಲಲಿಲ್ಲ.

ಮಂಜಿನಲ್ಲಿ ಒಂದು ಬೆಳಕಿನ ಗೋಡೆ ಎದ್ದಿತು. ಸಾಲು ಸಾಲು ಕಿಟಕಿಗಳು, ಅಗಲವಾದ ಬಾಗಿಲು, ಬಾಗಿಲಲ್ಲಿ ಬಿಳಿ ಬಟ್ಟೆಯವರು. ಗುರಿ ತಲುಪಿದೆ ಎಂದುಕೊಂಡ ಎವರಿಸ್ತು. ಆಮೇಲೆ, ಊರಿನ ಚೌಕದಲ್ಲಿ ಇಷ್ಟೊಂದು ಬಿಳಿ ಬಟ್ಟೆಯವರು ಇರುವುದಿಲ್ಲವಲ್ಲ, ಇದು ಬೇರೆಯೇ ಗುರಿ ಇರಬೇಕು ಎಂದು ಕ್ಷಣಕಾಲ ಹೆದರಿದ.

ಸಂಗತಿ ಇಷ್ಟೇ. ಅನ್ಸೆಲ್ಮು ಈ ಸೀಮೆಗೆ ಬಂದು ಕಲಿತದ್ದು ಒಂದೇ ದಾರಿ. ಕಣ್ಣು ಮುಚ್ಚಿ ಬಿಟ್ಟರೂ ಅವನ ಗಾಡಿ ಹೋಗಿ ನಿಲ್ಲುತ್ತಿದ್ದದ್ದು ಜಿಲ್ಲಾಸ್ಪತ್ರೆಯ ತುರ್ತು ಬಾಗಿಲಿನಲ್ಲೇ. ಅಭ್ಯಾಸಬಲದಿಂದ ಅವನು ಧಡಧಡ ಇಳಿದು ಹಿಂದಿನ ಬಾಗಿಲು ತೆರೆದ. ಆಸ್ಪತ್ರೆಯವರು ಸ್ಟ್ರೆಚರು ತಂದು ಒಳಗೆ ಇಣುಕಿದರು. ಒಳಗೆ ಯಾರೂ ಇರಲಿಲ್ಲ.

"ಪೇಷಂಟ್ ಎಲ್ಲಿ?"

ಅನ್ಸೆಲ್ಮು ಖಾಲಿ ಮಂಚವನ್ನು ನೋಡಿದ, ತಲೆ ಕೆರೆದುಕೊಂಡ. "ಹಿಂದೆ ಓಡಿ ಬರ್ತಿದಾರೆ," ಅಂದ.

ಅಷ್ಟರಲ್ಲಿ ಮಂಜಿನಿಂದ ಹಳದಿ ಪರದೆಯೊಂದು ಹೊರಬಂತು. ಕೆಂಪು ಮುಖ, ಕುತ್ತಿಗೆಗೆ ಬಿಗಿದ ಶಾಲು, ಕಣ್ಣಲ್ಲಿ ನೀರು, ಬಾಯಲ್ಲಿ ಅಮ್ಮಾ ಎಂಬ ಮಾತು. ತುರ್ತು ವಿಭಾಗದವರಿಗೆ ಇನ್ನೇನು ಬೇಕು. ಎತ್ತಿ ಮಲಗಿಸಿದರು. ನನಗೇನೂ ಆಗಿಲ್ಲ, ನಾನು ಓಟದಲ್ಲಿದ್ದೇನೆ ಎಂದು ಎವರಿಸ್ತು ಹೇಳಿದಷ್ಟೂ ಅವರು ಸ್ಟ್ರೆಚರನ್ನು ಇನ್ನೂ ಜೋರಾಗಿ ತಳ್ಳಿದರು. ಯಾವ ಓಟ ಎಂದು ಒಬ್ಬಳು ಪ್ರೀತಿಯಿಂದ ಕೇಳಿದಳು. ಸಾಲ್ಗೇರಾದ್ದು ಅಂದ. ಇಲ್ಲಿಂದ ಸಾಲ್ಗೇರಾ ಎಷ್ಟು ದೂರವೆಂದು ಗೊತ್ತಿದ್ದ ಅವಳು ಪಕ್ಕದವಳ ಮುಖ ನೋಡಿ, ತಲೆಗೂ ಪೆಟ್ಟಾಗಿರಬಹುದು ಎಂದಳು.

ಎದೆಗೆ ತಂತಿ ಅಂಟಿಸಿದರು, ಗೆರೆ ಬರೆಸಿದರು. ಭಾನುವಾರದ ಪಾಳಿಯಲ್ಲಿದ್ದ ಡಾಕ್ಟರ್ ಬೆನೆದಿತಾ ಕಾಗದ ಹಿಡಿದುಕೊಂಡು ಬಂದರು. ಗೆರೆಯನ್ನು ನೋಡಿದರು, ಹೊಲಿಗೆಯನ್ನು ನೋಡಿದರು, ಆಮೇಲೆ ಮುಖ ನೋಡಿದರು.

"ಹುಂಜದವರಲ್ವಾ ನೀವು?"

"ಓಡಿದೆ ಡಾಕ್ಟರೇ," ಅಂದ ಎವರಿಸ್ತು. "ಸ್ವಲ್ಪ ದಾರಿ ತಪ್ಪಿತು."

ಅನ್ಸೆಲ್ಮು ಮುಂದೆ ಬಂದು ನಡೆದದ್ದನ್ನು ಹೇಳಿದ. ಡಾಕ್ಟರು ಅಂಗಿ ತಿರುಗಿಸಿ ಬೆನ್ನಿನ ಮೇಲಿನ ಕಸೂತಿ ಓದಿದರು. ಬಾಗಿಲ ಹತ್ತಿರ ಹೋಗಿ ಯಾರು ಯಾರನ್ನೋ ಕರೆದರು. ಆಪರೇಷನ್ನಾದ ದಿನಗಳಲ್ಲಿ ಎವರಿಸ್ತು ನೋವಿನಿಂದ ನಿದ್ದೆಯಿಲ್ಲದೆ ಬಿದ್ದಿದ್ದಾಗ ಕೈ ಹಿಡಿದುಕೊಂಡು ತನ್ನ ಹಸುವಿನ ಕತೆಯೆಲ್ಲ ಹೇಳಿದ್ದ ನರ್ಸ್ ಲಿಯೊಕಾಡಿಯಾ ಬಂದಳು. ಉಪ್ಪಿಲ್ಲದ ಗಂಜಿ ತರುತ್ತಿದ್ದ ಅಡುಗೆಯವಳು ಬಂದಳು. ನೆಲ ಒರೆಸುವವನು ಕೋಲು ಹಿಡಿದುಕೊಂಡೇ ಬಂದ. ಊರಿನ ಓಟಕ್ಕೆ ಇವರಲ್ಲಿ ಯಾರಾದರೂ ಬಂದಾರು ಎಂದು ಎವರಿಸ್ತು ಬೇಸಿಗೆಯೆಲ್ಲ ಕನಸು ಕಂಡಿದ್ದ. ಬರುವುದು ಹೇಗೆ, ಭಾನುವಾರವೂ ಹಬ್ಬವೂ ಅವರಿಗೆ ಪಾಳಿಯೇ. ಈಗ ಓಟವೇ ಅವರಿದ್ದಲ್ಲಿಗೆ ಬಂದಿತ್ತು.

"ಇಲ್ಲಿಗೆ ಎಲ್ಲರನ್ನೂ ಹೊತ್ಕೊಂಡು ಬರ್ತಾರೆ," ಅಂದರು ಡಾಕ್ಟರು, ಮೆಲ್ಲಗೆ. "ಓಡ್ಕೊಂಡು ಬಂದವರು ನೀವೊಬ್ರೇ."

ಮಲಗಿಕೊಂಡು ಥ್ಯಾಂಕ್ಸ್ ಹೇಳುವುದು ಮರ್ಯಾದೆಯಲ್ಲ ಎಂದು, ಎದ್ದು ನಿಂತು ತಲೆಬಾಗಿ ಹೇಳಬೇಕೆಂದು ಎವರಿಸ್ತು ಸ್ಟ್ರೆಚರಿನಿಂದ ಇಳಿದ. ಶಾಲಿನ ಕುಚ್ಚು ಚಕ್ರಕ್ಕೆ ಸುತ್ತಿಕೊಂಡಿತ್ತು. ತಲೆಬಾಗಿದ್ದು ಸರಿಯಾಗಿಯೇ ಆಯಿತು, ಆದರೆ ಅದು ಅಲ್ಲಿಗೆ ನಿಲ್ಲದೆ ನೆಲದ ತನಕ ಹೋಯಿತು. ಕಣಕಾಲಿನಲ್ಲಿ ಒಣಕಡ್ಡಿ ಮುರಿದಂಥ ಸದ್ದು ಬಂತು.

ಅಷ್ಟು ಜನ ಅಷ್ಟು ಬೇಗ ಒಬ್ಬನಿಗೆ ಚಿಕಿತ್ಸೆ ಕೊಟ್ಟದ್ದು ಆ ಆಸ್ಪತ್ರೆಯ ಚರಿತ್ರೆಯಲ್ಲೇ ಇರಲಾರದು. ಮೂಳೆಯ ಡಾಕ್ಟರು ಬಂದರು, ಚಿತ್ರ ತೆಗೆದರು, ಮೊಣಕಾಲಿನವರೆಗೆ ಬಿಳಿಯ ಪ್ಲಾಸ್ಟರಿನ ಪಟ್ಟು ಹಾಕಿದರು. ಯಾರೂ ಏನೂ ಕೇಳಲಿಲ್ಲ. ಹೃದಯದ ವಾರ್ಡಿನವರಿಗೆ ಥ್ಯಾಂಕ್ಸ್ ಹೇಳಿ ಹಗುರಾಗೋಣವೆಂದು ಬಂದವನು, ಈಗ ಮೂಳೆಯ ವಾರ್ಡಿನವರ ಋಣದ ಹೊರೆ ಹೊತ್ತುಕೊಂಡು ಆಂಬುಲೆನ್ಸಿನಲ್ಲಿ ಮಲಗಿದ. ಆದರೂ ಮನಸ್ಸು ಮೋಡದ ಮೇಲಿತ್ತು. ಕಾಲು ಮುರಿದದ್ದು ಓಟದಲ್ಲಲ್ಲ, ಥ್ಯಾಂಕ್ಸ್ ಹೇಳುವಾಗ. ಓಡಿದ್ದು ಓಡಿದ್ದೇ. ಹತ್ತಲ್ಲ, ಹದಿನಾಲ್ಕು ಕಿಲೋಮೀಟರು ಎಂದು ಅನ್ಸೆಲ್ಮು ಗಾಡಿಯ ಮೀಟರು ನೋಡಿ ಹೇಳಿದ್ದ. ಊರವರು ಇನ್ನು ಏನನ್ನುತ್ತಾರೋ ನೋಡೋಣ.

ಚೌಕ ತಲುಪಿದಾಗ ಮಂಜು ಎದ್ದುಹೋಗಿತ್ತು. ಬಿಸಿಲಿನಲ್ಲಿ ಇನ್ನೂರು ಮಂದಿ ಓಟಗಾರರು ಕಂಬಳಿ ಹೊದ್ದು, ಮುಖ ಗಂಟಿಕ್ಕಿಕೊಂಡು, ಸುಟ್ಟ ಕಾಯಿಗಳ ಸಿಪ್ಪೆಯ ನಡುವೆ ಕೂತಿದ್ದರು. ಗೆದ್ದವನ ಕಟ್ಟೆ ಖಾಲಿ. ಎರ್ಮೀನಿಯಾ ಅತ್ತೂ ಅತ್ತೂ ಕಣ್ಣು ಕೆಂಪಗಾಗಿ, ಗಂಡ ಜೀವಸಹಿತ ಇಳಿದದ್ದು ನೋಡಿದ ಮೇಲೆ ಬೈಯಲು ಶುರುಮಾಡಿದಳು. ಎವರಿಸ್ತುವಿನ ಹಿಂದೆ ಆಂಬುಲೆನ್ಸು ಹೋದದ್ದು ಕಂಡೆ, ಆಮೇಲೆ ಇಬ್ಬರೂ ಕಾಣೆ ಎಂದು ದೋನಾ ಫೆಲಿಸ್ಮೀನಾ ಬಂದು ಹೇಳಿದ್ದಳಂತೆ. ಬ್ಯಾಂಡಿನವರು ಯಾವ ಶೋಕಗೀತೆ ನುಡಿಸುವುದೆಂದು ಚರ್ಚೆಯನ್ನೂ ಮುಗಿಸಿದ್ದರು.

ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಒನೊರಾತು ಹತ್ತಿರ ಬಂದು ಉಳಿದದ್ದನ್ನು ಹೇಳಿದ. ಆಂಬುಲೆನ್ಸು ಕಾಣೆಯಾದದ್ದು ತಿಳಿಯುತ್ತಲೇ ಪೊಲೀಸರು ಓಟವನ್ನು ಅರ್ಧದಲ್ಲಿ ನಿಲ್ಲಿಸಿಬಿಟ್ಟಿದ್ದರು. ಆಂಬುಲೆನ್ಸಿಲ್ಲದೆ ಒಂದು ಹೆಜ್ಜೆ ಓಡುವಂತಿಲ್ಲ, ಕಾನೂನು. ಎಲ್ಲರೂ ಚಳಿಯಲ್ಲಿ ತೆಳು ಅಂಗಿಯಲ್ಲಿ ನಡುಗುತ್ತ ನಡೆದುಕೊಂಡು ವಾಪಸು ಬಂದಿದ್ದರು.

"ನಾನು ಹದಿನಾಲ್ಕು ಕಿಲೋಮೀಟರ್ ಓಡಿದೀನಿ ಒನೊರಾತು," ಅಂದ ಎವರಿಸ್ತು.

"ಯಾವುದರಲ್ಲಿ?" ಒನೊರಾತು ನಿಜವಾಗಿ ವ್ಯಸನಪಟ್ಟು ಕೇಳಿದ. "ಇವತ್ತು ಓಟವೇ ಆಗ್ಲಿಲ್ವಲ್ಲಯ್ಯ. ಮುಂದಿನ ಭಾನುವಾರ ಮತ್ತೆ ಇಟ್ಕೊಂಡಿದೀವಿ."

ಎವರಿಸ್ತು ತನ್ನ ಬಿಳಿಯ ಕಾಲನ್ನು ನೋಡಿಕೊಂಡ.

ಮುಂದಿನ ಭಾನುವಾರ ಆಕಾಶ ತೊಳೆದಿಟ್ಟ ಗಾಜಿನಂತಿತ್ತು. ದಾರಿ ಬಲ್ಲವರು ಯಾರಾದರೂ ಪಕ್ಕದಲ್ಲಿ ಕೂರದಿದ್ದರೆ ಗಾಡಿ ತೆಗೆಯುವುದಿಲ್ಲ ಎಂದು ಅನ್ಸೆಲ್ಮು ಹಟ ಹಿಡಿದಿದ್ದ. ಅವತ್ತು ಓಡದೆ ಬಿಡುವಾಗಿದ್ದವನು ಊರಿಗೆಲ್ಲ ಒಬ್ಬನೇ. ಹಾಗಾಗಿ ಎವರಿಸ್ತು ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ, ಪಟ್ಟು ಹಾಕಿದ ಕಾಲನ್ನು ಕಿಟಕಿಯಿಂದ ಹೊರಕ್ಕೆ ಚಾಚಿಕೊಂಡು ಹೊರಟ. ಅವನ ಮುಂದೆ, ಎಲ್ಲರಿಗಿಂತ ಕೊನೆಯಲ್ಲಿ, ಅವನ ನಂಬರನ್ನು ಎದೆಗೆ ಚುಚ್ಚಿಕೊಂಡು, ಮೊಣಕಾಲಿನವರೆಗಿನ ಕಪ್ಪು ಲಂಗದಲ್ಲಿ ಓಡುತ್ತಿದ್ದವಳು ದೋನಾ ಫೆಲಿಸ್ಮೀನಾ. ಪಾಪದ ಮನುಷ್ಯನ ಹರಕೆ ಅರ್ಧಕ್ಕೆ ನಿಲ್ಲಬಾರದು ಎಂದು ತಾನೇ ಹೆಸರು ಕೊಟ್ಟಿದ್ದಳು. ಅವಳ ಓಟ ಬೇರೆಯವರ ನಡಿಗೆಗಿಂತ ನಿಧಾನ. ಅದರ ಮೇಲೆ ಪ್ರತಿ ತಿರುವಿನಲ್ಲೂ ನಿಂತು, ಹಿಂದಕ್ಕೆ ಬಂದು, ಕಿಟಕಿಗೆ ಬಗ್ಗಿ, ನೋವು ಹೇಗಿದೆ ಎಂದು ವಿಚಾರಿಸಿದ ಮೇಲೆ ಮುಂದೆ ಹೋಗುತ್ತಿದ್ದಳು. ದಾರಿಯ ಎರಡೂ ಬದಿಗೆ ನಿಂತ ಜನ ಆಂಬುಲೆನ್ಸು ಬಂದಾಗ ಟೋಪಿ ತೆಗೆದರು. ಹಾಗೇನೂ ಇಲ್ಲ, ನಾನು ಚೆನ್ನಾಗಿದ್ದೇನೆ ಎಂದು ಎವರಿಸ್ತು ಕೈ ಬೀಸಿ ಸನ್ನೆ ಮಾಡಿದ. ಪಾಪ, ವಿದಾಯ ಹೇಳುತ್ತಿದ್ದಾನೆ ಎಂದು ಒಬ್ಬಳು ಕಣ್ಣೊರೆಸಿಕೊಂಡಳು.

ಗೆರೆ ದಾಟಿದಾಗ ಬ್ಯಾಂಡು ನುಡಿಸಿತು, ದೋನಾ ಫೆಲಿಸ್ಮೀನಾಳ ಕೊರಳಿಗೆ ಪದಕ ಬಿತ್ತು. ಅವಳು ಪದಕದ ಸಮೇತ ಕಿಟಕಿಯೊಳಗೆ ತಲೆ ತೂರಿಸಿ ಎವರಿಸ್ತುವನ್ನು ತಬ್ಬಿಕೊಂಡಳು. ಪತ್ರಿಕೆಯವನು ಅದನ್ನೇ ಫೋಟೋ ತೆಗೆದ. ಮಾರನೆಯ ದಿನ ಜಿಲ್ಲೆಯ ಪತ್ರಿಕೆಯಲ್ಲಿ ಅರ್ಧ ಪುಟದಷ್ಟು ಅಗಲವಾಗಿ ಬಂತು: 'ರೋಗಿಯ ಪರವಾಗಿ ಓಡಿದ ಎಪ್ಪತ್ತರ ವೃದ್ಧೆ'.

ಎರ್ಮೀನಿಯಾ ಅದಕ್ಕೆ ಗಾಜು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದಾಳೆ. ವ್ಯಾಪಾರವೇನೋ ಹೆಚ್ಚಿದೆ. ಆದರೆ ಪರದೆ ಕೊಳ್ಳಲು ಬಂದವರು ಬಾಗಿಲಲ್ಲೇ ದನಿ ತಗ್ಗಿಸುತ್ತಾರೆ, ಬಟ್ಟೆಯ ಸುರುಳಿಗಳನ್ನು ತಾವೇ ಇಳಿಸಿಕೊಳ್ಳುತ್ತಾರೆ, ಹೋಗುವಾಗ ತುದಿಗಾಲಿನಲ್ಲಿ ಹೋಗುತ್ತಾರೆ.